ಕಾರಿನ ಮೇಲೆ ಹಕ್ಕಿಯ ಹಿಕ್ಕೆ: ಬಣ್ಣ ಕೆಡುವುದೇಕೆ? ಕಾಪಾಡುವುದು ಹೇಗೆ?

ಸಾಲ ಮಾಡಿ ಹೊಸ ಕಾರು ಕೊಂಡಿದ್ದೀರಿ ಎಂದುಕೊಳ್ಳಿ. ಶಾಲೆಯ ಅಂಗಳದಲ್ಲಿ ನೆರಳಿದೆ ಎಂದು ಅತ್ತಿ ಮರದ ಕೆಳಗೆ ನಿಲ್ಲಿಸುತ್ತೀರಿ. ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳಿ ಬಂದಾಗ ಬಾನೆಟ್ಟಿನ ಮೇಲೆ ಬಿಳಿ, ಕಪ್ಪು ಬಣ್ಣದ ನಾಲ್ಕಾರು ಕಲೆಗಳು ಒಣಗಿ ಅಂಟಿಕೊಂಡಿವೆ. ಕರವಸ್ತ್ರ ತೆಗೆದು ಉಜ್ಜುತ್ತೀರಿ. ಹಿಕ್ಕೆ ಹೋಗುತ್ತದೆ. ಆದರೆ ಅದು ಬಿದ್ದಿದ್ದ ಜಾಗದಲ್ಲಿ ಮಂಕಾದ ಗುರುತೊಂದು ಉಳಿಯುತ್ತದೆ. ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ, "ಆ ಕೊಂಬೆ ಕಡಿಸಿಬಿಡಿ ಸಾರ್, ಪೀಡೆ ಹೋಗುತ್ತೆ" ಎನ್ನುತ್ತಾರೆ. ತಲೆಯೆತ್ತಿ ನೋಡಿದರೆ ಕೊಂಬೆಯಲ್ಲಿ ಗೂಡೊಂದು ಕಾಣುತ್ತದೆ.

ಕಡಿಸಬೇಕೆ? ಈ ಪ್ರಶ್ನೆಗೆ ಉತ್ತರಿಸುವ ಮುನ್ನ ಬೇರೆ ಕೆಲವು ಪ್ರಶ್ನೆಗಳಿಗೆ ಉತ್ತರ ತಿಳಿಯಬೇಕು. ಹಿಕ್ಕೆಯಲ್ಲಿ ಏನಿದೆ? ಮಳೆ, ಬಿಸಿಲು, ಧೂಳನ್ನು ವರ್ಷಗಟ್ಟಲೆ ತಾಳಿಕೊಳ್ಳುವ ಬಣ್ಣ ಇಷ್ಟು ಸಣ್ಣ ವಸ್ತುವಿಗೆ ಸೋಲುವುದೇಕೆ? ಸೋಲದಂತೆ ಮಾಡಲು ಸಾಧ್ಯವೆ?

ಹಿಕ್ಕೆ ಎಂದರೆ ಏನು?

ಹಕ್ಕಿಯ ಹಿಕ್ಕೆಯನ್ನು ಗಮನಿಸಿ. ಅದರಲ್ಲಿ ಎರಡು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ನಡುವೆ ಇರುವ ಕಪ್ಪು ಅಥವಾ ಹಸಿರು ಭಾಗವೇ ಮಲ, ಅಂದರೆ ಜೀರ್ಣವಾಗದೆ ಉಳಿದ ಆಹಾರ. ಸುತ್ತಲಿನ ಬಿಳಿ ಭಾಗವನ್ನು ಅನೇಕರು ಮಲವೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಅದು ಹಕ್ಕಿಯ ಮೂತ್ರ. ಹಕ್ಕಿಗಳಲ್ಲಿ ಮಲಕ್ಕೂ ಮೂತ್ರಕ್ಕೂ ಬೇರೆ ಬೇರೆ ದ್ವಾರಗಳಿಲ್ಲ. ಎರಡೂ ಅವಸ್ಕರ ಎಂಬ ಒಂದೇ ಕೋಶದ ಮೂಲಕ ಹೊರಬರುತ್ತವೆ.

ಪ್ರೋಟೀನುಗಳು ದೇಹದಲ್ಲಿ ವಿಭಜನೆಗೊಂಡಾಗ ಸಾರಜನಕದ ತ್ಯಾಜ್ಯ ಉಂಟಾಗುತ್ತದೆ. ಮೀನುಗಳು ಇದನ್ನು ಬಹುಮಟ್ಟಿಗೆ ಅಮೋನಿಯದ ರೂಪದಲ್ಲಿ ನೀರಿಗೆ ಬಿಡುತ್ತವೆ. ನಾವು ಅದನ್ನು ಯೂರಿಯ ಮಾಡಿ ನೀರಿನಲ್ಲಿ ಕರಗಿಸಿ ಹೊರಹಾಕುತ್ತೇವೆ. ಹಕ್ಕಿಗಳು, ಹಾವು ಹಲ್ಲಿಗಳು ಹಾಗೂ ಬಹುಪಾಲು ಕೀಟಗಳು ಯೂರಿಕ್ ಆಮ್ಲ ಅಥವಾ ಅದರ ಲವಣಗಳಾದ ಯೂರೇಟುಗಳ ರೂಪದಲ್ಲಿ ವಿಸರ್ಜಿಸುತ್ತವೆ. ಇದರಿಂದ ಲಾಭವೇನು? ಯೂರಿಕ್ ಆಮ್ಲ ನೀರಿನಲ್ಲಿ ಕರಗುವುದೇ ಅಪರೂಪ. 20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಸುಮಾರು 6 ಮಿಲಿಗ್ರಾಮ್ ಮಾತ್ರ ಕರಗುತ್ತದೆ. ಅಷ್ಟೇ ನೀರಿನಲ್ಲಿ ಯೂರಿಯ 100 ಗ್ರಾಮಿಗೂ ಹೆಚ್ಚು ಕರಗುತ್ತದೆ. ಕರಗದ ವಸ್ತುವನ್ನು ಹೊರಹಾಕಲು ಹೆಚ್ಚು ನೀರು ಬೇಕಿಲ್ಲ. ಮೂತ್ರಕೋಶದಲ್ಲಿ ನೀರು ತುಂಬಿಕೊಂಡು ಹಾರುವ ಭಾರವೂ ಇಲ್ಲ. ಮೊಟ್ಟೆಯೊಳಗಿನ ಮರಿಗೂ ಇದೇ ಕ್ರಮ ಜೀವ ಉಳಿಸುತ್ತದೆ. ಚಿಪ್ಪಿನೊಳಗೆ ತ್ಯಾಜ್ಯ ಕರಗಿದ ರೂಪದಲ್ಲಿ ಸಂಗ್ರಹವಾದರೆ ಮರಿಗೆ ವಿಷವಾಗುತ್ತಿತ್ತು. ಕರಗದ ಹರಳಾಗಿ ಒಂದು ಬದಿಗೆ ಕುಳಿತರೆ ಅಪಾಯವಿಲ್ಲ.

ಹಕ್ಕಿಗೆ ಅನುಕೂಲವಾದ ಈ ಗುಣವೇ ಕಾರಿನ ಒಡೆಯನಿಗೆ ತೊಂದರೆ. ಒಂದು ಲೆಕ್ಕ ಮಾಡಿ ನೋಡಿ. 60 ಮಿಲಿಗ್ರಾಮ್ ಯೂರಿಕ್ ಆಮ್ಲವನ್ನು ಕರಗಿಸಲು 1 ಲೀಟರ್ ನೀರು ಬೇಕು. ಸಣ್ಣ ತುಂತುರು ಮಳೆ ಹಿಕ್ಕೆಯನ್ನು ಕರಗಿಸಿ ತೊಳೆದುಬಿಡುತ್ತದೆ ಎಂಬ ನಂಬಿಕೆ ಸರಿಯಲ್ಲ. ಅದು ಹಿಕ್ಕೆಯನ್ನು ಒದ್ದೆ ಮಾಡಿ ಅಲ್ಲೇ ಬಿಡುತ್ತದೆ, ಅಷ್ಟೆ.

ಹಿಕ್ಕೆಯಲ್ಲಿ ಇನ್ನೂ ಕೆಲವು ವಸ್ತುಗಳಿವೆ. ಜೀರ್ಣಾಂಗದಿಂದ ಬಂದ ಕಿಣ್ವಗಳು, ಸೂಕ್ಷ್ಮಜೀವಿಗಳು, ಹಣ್ಣಿನ ಬೀಜಗಳು, ಕೀಟಗಳ ಹೊರಕವಚದ ಚೂರುಗಳು ಹಾಗೂ ಮರಳಿನ ಕಣಗಳು. ಕಾಳು ತಿನ್ನುವ ಹಕ್ಕಿಗಳಿಗೆ ಹಲ್ಲಿಲ್ಲ. ಅವು ನುಂಗಿದ ಸಣ್ಣ ಕಲ್ಲುಗಳೇ ಅವುಗಳ ಹೊಟ್ಟೆಯಲ್ಲಿ ಕಾಳನ್ನು ಅರೆಯುತ್ತವೆ. ಸವೆದ ಕಣಗಳು ಹಿಕ್ಕೆಯೊಡನೆ ಹೊರಬೀಳುತ್ತವೆ. ಈ ಅಂಶವನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಕಾರಿನ ಬಣ್ಣ ಒಂದೇ ಪದರವಲ್ಲ

ಕಾರಿನ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಅದರ ಮೇಲೆ ಮೊದಲು ಫಾಸ್ಫೇಟಿನ ತೆಳು ಪದರ. ಆ ಬಳಿಕ ಇಡೀ ಕವಚವನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕೂರಿಸುವ ತುಕ್ಕುನಿರೋಧಕ ಲೇಪ, ಸುಮಾರು 20 ಮೈಕ್ರೋಮೀಟರ್. ಅದರ ಮೇಲೆ ಪ್ರೈಮರ್, ಸುಮಾರು 30 ಮೈಕ್ರೋಮೀಟರ್. ನಮ್ಮ ಕಣ್ಣಿಗೆ ಕಾಣುವ ಬಣ್ಣದ ಪದರ 15 ಮೈಕ್ರೋಮೀಟರ್ ಆಸುಪಾಸು. ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಮೆರುಗು ಲೇಪ ಇರುತ್ತದೆ. ಗ್ಯಾರೇಜುಗಳಲ್ಲಿ ಇದನ್ನು 'ಕ್ಲಿಯರ್ ಕೋಟ್' ಎನ್ನುತ್ತಾರೆ. ಇದರ ದಪ್ಪ ಸಾಮಾನ್ಯವಾಗಿ 40 ಮೈಕ್ರೋಮೀಟರ್. (1 ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.) ದಿನಪತ್ರಿಕೆಯ ಒಂದು ಹಾಳೆ ಸುಮಾರು 70 ಮೈಕ್ರೋಮೀಟರ್ ದಪ್ಪವಿರುತ್ತದೆ. ಅಂದರೆ ಕಾರಿನ ಹೊಳಪೆಲ್ಲ ನಿಂತಿರುವುದು ಪತ್ರಿಕೆಯ ಹಾಳೆಗಿಂತಲೂ ತೆಳುವಾದ ಪದರದ ಮೇಲೆ.

ಈ ಮೆರುಗು ಲೇಪ ಒಂದು ಪಾಲಿಮರ್. ಉದ್ದನೆಯ ಅಣುಸರಪಳಿಗಳು ಅಡ್ಡಬಂಧಗಳಿಂದ ಬೆಸೆದುಕೊಂಡು ಬಲೆಯಂತಾಗಿರುತ್ತವೆ. ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವ ವಸ್ತುಗಳನ್ನೂ ಇದರಲ್ಲಿ ಬೆರೆಸಿರುತ್ತಾರೆ. ಹಿಕ್ಕೆಯ ದಾಳಿ ನಡೆಯುವುದು ಈ ಪದರದ ಮೇಲೆಯೇ.

ಅಪರಾಧಿ ಯಾರು?

'ಹಿಕ್ಕೆಯಲ್ಲಿ ಆಮ್ಲ ಇದೆ, ಅದು ಬಣ್ಣವನ್ನು ಸುಡುತ್ತದೆ' ಎಂಬುದು ಎಲ್ಲರೂ ಹೇಳುವ ವಿವರಣೆ. ಇದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಯೂರಿಕ್ ಆಮ್ಲ ದುರ್ಬಲ ಆಮ್ಲ. ಅಡುಗೆಮನೆಯ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕಿಂತಲೂ ದುರ್ಬಲ. ಮೇಲಾಗಿ ನೀರಿನಲ್ಲಿ ಹೆಚ್ಚು ಕರಗುವುದೂ ಇಲ್ಲ. ಅದೊಂದೇ ಇಷ್ಟು ಹಾನಿ ಮಾಡಲಾರದು. ಇಲ್ಲಿ ಅಪರಾಧಿ ಒಬ್ಬನಲ್ಲ, ಮೂವರು.

ಮೊದಲನೆಯದು ಜಲವಿಶ್ಲೇಷಣೆ. ನೀರಿನ ಅಣುಗಳು ಪಾಲಿಮರ್ ಬಲೆಯ ಬಂಧಗಳನ್ನು ಕತ್ತರಿಸುವ ಕ್ರಿಯೆ ಇದು. ಶುದ್ಧ ನೀರಿನಲ್ಲಿ ಇದು ಅತಿ ನಿಧಾನ. ಆಮ್ಲ ಇದ್ದರೆ ವೇಗ ಹೆಚ್ಚುತ್ತದೆ. ಅಕ್ರಿಲಿಕ್ ಮತ್ತು ಮೆಲಮಿನ್ ರಾಳಗಳಿಂದ ತಯಾರಾದ ಲೇಪಗಳಲ್ಲಿ ಆಮ್ಲಕ್ಕೆ ಸುಲಭವಾಗಿ ತುತ್ತಾಗುವ ಬಂಧಗಳಿವೆ. ಆಮ್ಲಮಳೆಯಿಂದ ಹೊಸ ಕಾರುಗಳ ಮೆರುಗಿನಲ್ಲಿ ಕುಳಿ ಬೀಳುವುದು 1980ರ ದಶಕದಲ್ಲಿ ಅಮೆರಿಕದ ಕಾರು ಉದ್ಯಮಕ್ಕೆ ದೊಡ್ಡ ತಲೆನೋವಾಗಿತ್ತು. ಫ್ಲಾರಿಡಾದ ಜಾಕ್ಸನ್‌ವಿಲ್ ನಗರ ಇಂಥ ಹಾನಿಗೆ ಎಷ್ಟು ಹೆಸರಾಯಿತೆಂದರೆ, ಬಣ್ಣ ಬಳಿದ ಹಲಗೆಗಳನ್ನು ಬೇಸಿಗೆಯಲ್ಲಿ ಅಲ್ಲಿಟ್ಟು ಪರೀಕ್ಷಿಸುವುದೇ ವಾಡಿಕೆಯಾಯಿತು. ಪಾಲಿಯುರಥೇನ್ ಲೇಪಗಳು ಆಮ್ಲವನ್ನು ಹೆಚ್ಚು ಚೆನ್ನಾಗಿ ತಡೆಯುತ್ತವೆ.

ಎರಡನೆಯದು ಕಿಣ್ವಗಳು. 2009ರಲ್ಲಿ ಇರಾನಿನ ಸಂಶೋಧಕರು ಈ ಬಗ್ಗೆ ಪರೀಕ್ಷೆಗಳನ್ನು ನಡೆಸಿ ಪ್ರಕಟಿಸಿದರು. ನಿಜವಾದ ಹಿಕ್ಕೆಯ ಜೊತೆಗೆ ಪ್ಯಾಂಕ್ರಿಯಾಟಿನ್ ಎಂಬ ವಸ್ತುವನ್ನೂ ಅವರು ಮೆರುಗು ಲೇಪದ ಮೇಲೆ ಇಟ್ಟು ನೋಡಿದರು. ಇದು ಮೇದೋಜೀರಕ ಗ್ರಂಥಿಯ ಕಿಣ್ವಗಳ ಮಿಶ್ರಣ. ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಒಡೆಯುವ ಕಿಣ್ವಗಳು ಇದರಲ್ಲಿವೆ. ಲೇಪದ ಮೇಲೆ ಹಿಕ್ಕೆ ಮಾಡುವಂಥ ಹಾನಿಯನ್ನೇ ಇದೂ ಮಾಡಿತು. ಆಹಾರದ ಬಂಧಗಳನ್ನು ಒಡೆಯುವ ಕಿಣ್ವಗಳು ಲೇಪದ ಜಲವಿಶ್ಲೇಷಣೆಗೂ ವೇಗ ಕೊಡುತ್ತವೆ ಎಂಬುದು ಅವರ ವಿವರಣೆ. ಒಂದರ್ಥದಲ್ಲಿ ಹಿಕ್ಕೆ ಕಾರಿನ ಹೊಳಪನ್ನು 'ಜೀರ್ಣಿಸಿಕೊಳ್ಳುತ್ತದೆ'!

ಮೂರನೆಯದು ಬಿಸಿಲು. ಕಪ್ಪು ಬಣ್ಣದ ಕಾರಿನ ಬಾನೆಟ್ಟು ಬೇಸಿಗೆಯ ಬಿಸಿಲಿನಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಆ ತಾಪದಲ್ಲಿ ಮೆರುಗು ಲೇಪ ಹಿಗ್ಗುತ್ತದೆ, ತುಸು ಮೆದುವಾಗುತ್ತದೆ. ಅದೇ ಬಿಸಿಲಿಗೆ ಹಿಕ್ಕೆ ಒಣಗಿ ಕುಗ್ಗುತ್ತದೆ, ಗಟ್ಟಿಯಾಗುತ್ತದೆ. ಸಂಜೆ ತಾಪ ಇಳಿದಾಗ ಮೆದುವಾಗಿದ್ದ ಲೇಪ ಗಟ್ಟಿಯಾಗುತ್ತಾ ಹಿಕ್ಕೆಯ ಒರಟು ಮೈಗೆ ತಕ್ಕಂತೆ ಅಚ್ಚು ಪಡೆಯುತ್ತದೆ. ಅರಗಿನ ಮೇಲೆ ಮೊಹರು ಒತ್ತಿದಂತೆ. ತಾಪ ಏರಿದಷ್ಟೂ ರಾಸಾಯನಿಕ ಕ್ರಿಯೆಗಳ ವೇಗವೂ ಏರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹೀಗೆ ಬಿಸಿಲು ಉಳಿದ ಇಬ್ಬರಿಗೂ ನೆರವು ನೀಡುತ್ತದೆ.

ಹಾನಿಯಾದ ಜಾಗ ಮಂಕಾಗಿ ಕಾಣುವುದೇಕೆ? ನಯವಾದ ಮೇಲ್ಮೈ ಬೆಳಕನ್ನು ಕ್ರಮವಾಗಿ ಪ್ರತಿಫಲಿಸುತ್ತದೆ. ಕೊರೆದು ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಕೆಳಗಿನ ಬಣ್ಣ ಹಾಗೆಯೇ ಇರುತ್ತದೆ. ಕೆಟ್ಟಿರುವುದು ಅದರ ಮೇಲಿನ 'ಗಾಜು' ಮಾತ್ರ.

ಮಾಡಿ ನೋಡಿ

ಇದನ್ನು ತರಗತಿಯಲ್ಲಿ ಪರೀಕ್ಷಿಸಬಹುದು. ಮಕ್ಕಳ ಕೈಗೆ ನಿಜವಾದ ಹಿಕ್ಕೆಯನ್ನು ಮಾತ್ರ ಕೊಡಬೇಡಿ. ಅದರಲ್ಲಿ ರೋಗಾಣುಗಳಿರಬಹುದು.

ಹಳೆಯ ಡಬ್ಬಿಗಳ ಎರಡು ತಗಡಿನ ಮುಚ್ಚಳಗಳಿಗೆ ಗಾಢ ಬಣ್ಣದ ಎನಾಮಲ್ ಪೇಂಟ್ ಬಳಿದು ಒಂದು ವಾರ ಒಣಗಲು ಬಿಡಿ. ಪ್ರತಿಯೊಂದರ ಮೇಲೂ ನಾಲ್ಕು ಕಡೆ ಗುರುತು ಮಾಡಿ. ಒಂದರಲ್ಲಿ ನೀರಿನ ಹನಿ, ಇನ್ನೊಂದರಲ್ಲಿ ನಿಂಬೆರಸ, ಮೂರನೆಯದರಲ್ಲಿ ಮೈದಾ ಅಂಟು, ನಾಲ್ಕನೆಯದರಲ್ಲಿ ನಿಂಬೆರಸ ಬೆರೆಸಿದ ಮೈದಾ ಅಂಟು ಹಾಕಿ. ಒಂದು ಮುಚ್ಚಳವನ್ನು ಬಿಸಿಲಿಗೂ ಇನ್ನೊಂದನ್ನು ನೆರಳಿಗೂ ಇಡಿ. ಎರಡು ದಿನಗಳ ಅನಂತರ ನೀರಿನಲ್ಲಿ ನೆನೆಸಿ ತೊಳೆದು, ಪ್ರತಿಯೊಂದು ಗುರುತಿನಲ್ಲೂ ಕಿಟಕಿಯ ಸರಳುಗಳ ಪ್ರತಿಬಿಂಬವನ್ನು ನೋಡಿ. ಎಲ್ಲಿ ಪ್ರತಿಬಿಂಬ ಮಸುಕಾಗಿದೆ? ಬಿಸಿಲಿಗೂ ನೆರಳಿಗೂ ವ್ಯತ್ಯಾಸವಿದೆಯೆ? ನೀರಿನ ಹನಿಯನ್ನು ಏಕೆ ಇಟ್ಟೆವು? ಮೂರನೆಯ ಗುರುತು ಯಾವ ಅಂಶವನ್ನು ಪ್ರತ್ಯೇಕಿಸುತ್ತದೆ? ಫಲಿತಾಂಶಕ್ಕಿಂತಲೂ ಈ ಪ್ರಶ್ನೆಗಳ ಚರ್ಚೆ ಮುಖ್ಯ. ಒಂದು ಎಚ್ಚರ: ನಿಂಬೆರಸ ಹಿಕ್ಕೆಗಿಂತ ಪ್ರಬಲ ಆಮ್ಲೀಯ. ಹಾಗೆಯೇ ಡಬ್ಬಿಯ ಬಣ್ಣ ಕಾರಿನ ಬಣ್ಣದಂತೆ ಒಲೆಯಲ್ಲಿ ಬೇಯಿಸಿದ್ದಲ್ಲ. ಆದ್ದರಿಂದ ಇಲ್ಲಿ ಕಂಡದ್ದನ್ನು ನೇರವಾಗಿ ಕಾರಿಗೆ ಅನ್ವಯಿಸಲಾಗದು.

ಕೆಂಪು ಕಾರಿನ ಮೇಲೆ ಹೆಚ್ಚೆ?

ಕೆಂಪು ಕಾರುಗಳ ಮೇಲೆ ಹಕ್ಕಿಗಳು ಹೆಚ್ಚು ಹಿಕ್ಕೆ ಹಾಕುತ್ತವೆ ಎಂಬ ಸುದ್ದಿಯನ್ನು ನೀವು ಓದಿರಬಹುದು. 2012ರಲ್ಲಿ ಬ್ರಿಟನ್ನಿನ ಕಾರು ಸಾಮಗ್ರಿ ಮಾರಾಟ ಸಂಸ್ಥೆಯೊಂದು ನಡೆಸಿದ ಎಣಿಕೆಯಿಂದ ಹುಟ್ಟಿದ ಸುದ್ದಿ ಅದು. ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಆ ಕಾರುಗಳು ಮರದ ಕೆಳಗಿದ್ದವೆ, ಬಯಲಿನಲ್ಲಿದ್ದವೆ? ಅವುಗಳನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ? ಬಿಳಿ ಅಥವಾ ಬೂದು ಕಾರಿನ ಮೇಲಿನ ಬಿಳಿ ಕಲೆ ಎಣಿಸುವವರ ಕಣ್ಣು ತಪ್ಪಿಸಿಲ್ಲವೆ? ಇವುಗಳಿಗೆ ಉತ್ತರ ಸಿಗದೆ ಬಣ್ಣವನ್ನೇ ಕಾರಣವೆನ್ನಲಾಗದು. ಮೇಲೆ ಕೊಂಬೆ, ತಂತಿ ಅಥವಾ ಸೂರು ಇದೆಯೇ ಎಂಬುದು ಕಾರಿನ ಬಣ್ಣಕ್ಕಿಂತ ಬಹು ಮುಖ್ಯ.

ಹಕ್ಕಿಗಳು ನಿಜಕ್ಕೂ ದೂರವಿಟ್ಟ ವಸ್ತುವೊಂದರ ಕಥೆ ಇದೆ. ಜಪಾನಿನ ಕನಜಾವಾ ನಗರದ ಕೆನ್ರೊಕು-ಎನ್ ಉದ್ಯಾನದ ಕಂಚಿನ ಪ್ರತಿಮೆಯೊಂದರ ಬಳಿ ಪಾರಿವಾಳಗಳು ಸುಳಿಯುವುದಿಲ್ಲ ಎಂಬುದನ್ನು ಯೂಕಿಯೊ ಹಿರೋಸೆ ಎಂಬ ವಿಜ್ಞಾನಿ ಅಧ್ಯಯನ ಮಾಡಿದರು. ಆ ಕಂಚಿನಲ್ಲಿ ಆರ್ಸೆನಿಕ್ ಅಂಶ ಹೆಚ್ಚಿತ್ತು. ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ 'ಇಗ್ ನೊಬೆಲ್' ಬಹುಮಾನ 2003ರಲ್ಲಿ ಅವರಿಗೆ ಸಂದಿತು. ಆರ್ಸೆನಿಕ್ ಘೋರ ವಿಷ. ಕಾರಿಗೆ ಇದು ಮದ್ದಲ್ಲ ಎಂದು ಬೇರೆ ಹೇಳಬೇಕಿಲ್ಲ.

ತೊಳೆಯುವ ಕ್ರಮ

ಹಿಕ್ಕೆ ಬಿದ್ದ ಬಳಿಕ ಕಳೆಯುವ ಸಮಯ ಮತ್ತು ತಾಪ, ಇವೆರಡೇ ಹಾನಿಯ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನವೂ ಸಾಕಾಗಬಹುದು. ಆದ್ದರಿಂದ ಕಂಡ ಕೂಡಲೇ ತೆಗೆಯುವುದು ಮೊದಲ ನಿಯಮ. ಆದರೆ ತೆಗೆಯುವ ರೀತಿ ಸರಿ ಇರಬೇಕು.

ಒಣಗಿದ ಹಿಕ್ಕೆಯನ್ನು ಎಂದೂ ಉಜ್ಜಬೇಡಿ, ಕೆರೆಯಬೇಡಿ. ಅದರಲ್ಲಿ ಮರಳಿನ ಕಣಗಳಿರುತ್ತವೆ ಎಂದೆವಲ್ಲವೆ? ಮರಳು ಪಾಲಿಮರಿಗಿಂತ ಬಹಳ ಗಟ್ಟಿ. ಕರವಸ್ತ್ರದಿಂದ ಉಜ್ಜಿದರೆ ಉಪ್ಪುಕಾಗದದಿಂದ ಉಜ್ಜಿದಂತೆ. ಸೋಮವಾರ ಬೆಳಿಗ್ಗೆ ಕಂಡ ಗುರುತಿನಲ್ಲಿ ಹಕ್ಕಿಯ ಪಾಲೆಷ್ಟು, ನಿಮ್ಮ ಕೈಯ ಪಾಲೆಷ್ಟು ಎಂದು ಯೋಚಿಸಿ. ಇನ್ನೊಂದು ಕಾರಣ ಆರೋಗ್ಯದ್ದು. ಒಣ ಹಿಕ್ಕೆಯ ಧೂಳನ್ನು ಉಸಿರಾಡುವುದರಿಂದ ಶ್ವಾಸಕೋಶದ ಸೋಂಕುಗಳು ತಗಲಬಹುದು. ಪಾರಿವಾಳಗಳ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಇದಕ್ಕೊಂದು ಉದಾಹರಣೆ.

ಸರಿಯಾದ ಕ್ರಮ ಹೀಗೆ. ಕಾರು ಬಿಸಿಯಾಗಿದ್ದರೆ ನೆರಳಿಗೆ ತಂದು ತಣಿಯಲು ಬಿಡಿ. ಮೆತ್ತನೆಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಕ್ಕೆಯ ಮೇಲೆ ಹಾಸಿ, ಐದರಿಂದ ಹತ್ತು ನಿಮಿಷ ಬಿಡಿ. ಹಿಕ್ಕೆ ನೆನೆದು ಮೆದುವಾದ ಮೇಲೆ ಬಟ್ಟೆಯೊಡನೆ ಎತ್ತಿ ತೆಗೆಯಿರಿ. ಉಳಿದದ್ದನ್ನು ನೀರು ಸುರಿದು ಹರಿಯಬಿಡಿ. ಕಾರು ತೊಳೆಯುವ ಶಾಂಪೂ ಹನಿಯೊಂದನ್ನು ನೀರಿಗೆ ಬೆರೆಸಬಹುದು. ಪಾತ್ರೆ ತೊಳೆಯುವ ದ್ರಾವಣ ಬೇಡ. ಅದು ಮೇಣದ ಲೇಪವನ್ನೂ ಕಿತ್ತುಹಾಕುತ್ತದೆ. ಕೊನೆಗೆ ಒಣ ಬಟ್ಟೆಯಿಂದ ನೀರನ್ನು ಹೀರಿಸಿ. ಕೊಳವೆಬಾವಿಯ ಗಡಸು ನೀರು ಅಲ್ಲಿಯೇ ಒಣಗಿದರೆ ಸುಣ್ಣದ ಬಿಳಿ ಕಲೆ ಬಿಡುತ್ತದೆ. ಬಳಿಕ ಕೈಯನ್ನು ಸೋಪಿನಿಂದ ತೊಳೆಯಿರಿ. ನೀರಿನ ಬಾಟಲಿ ಹಾಗೂ ಎರಡು ಹಳೆಯ ಹತ್ತಿ ಬಟ್ಟೆ ಕಾರಿನಲ್ಲಿ ಸದಾ ಇದ್ದರೆ ಸಾಕು.

ಗುರುತು ಉಳಿದೇಬಿಟ್ಟರೆ? ಪಾಲಿಷ್ ಎಂಬುದು ಬಣ್ಣ ಹಚ್ಚುವ ಕೆಲಸವಲ್ಲ, ಮೆರುಗು ಲೇಪವನ್ನು ತುಸು ಸವೆಸಿ ಸಮ ಮಾಡುವ ಕೆಲಸ. ಇರುವುದೇ ಸುಮಾರು 40 ಮೈಕ್ರೋಮೀಟರ್. ಪ್ರತಿ ಸಲ ಕೆಲವು ಮೈಕ್ರೋಮೀಟರ್ ಕಳೆದರೆ ನೇರಳಾತೀತ ಕಿರಣಗಳ ತಡೆಯೂ ಕರಗುತ್ತಾ ಹೋಗುತ್ತದೆ. ಆದ್ದರಿಂದ ಪದೇ ಪದೇ ಪಾಲಿಷ್ ಮಾಡಿಸುವುದು ಒಳ್ಳೆಯದಲ್ಲ. ಗುರುತು ಆಳವಾಗಿದ್ದರೆ ಮಾತ್ರ ನುರಿತವರಿಗೆ ತೋರಿಸಿ.

ಮೊದಲೇ ತಡೆಯುವುದು

ಮೇಣದ ಲೇಪ ಅಗ್ಗದ ಉಪಾಯ. ಬ್ರೆಜಿಲ್‌ನ ತಾಳೆಯೊಂದರ ಎಲೆಗಳಿಂದ ಸಿಗುವ ಕಾರ್ನೌಬ ಮೇಣ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಕರಗುತ್ತದೆ. ಬಾನೆಟ್ಟಿನ ಬಿಸಿಗೆ ಕರಗಿ ಹರಿಯದಿರುವುದರಿಂದ ಕಾರುಗಳಿಗೆ ಅದನ್ನು ಬಳಸುತ್ತಾರೆ. ಮೇಣವಿದ್ದರೆ ಹಿಕ್ಕೆಯ ಆಮ್ಲ, ಕಿಣ್ವಗಳು ಮೊದಲು ಅದನ್ನು ದಾಟಬೇಕು. ಅಷ್ಟರಲ್ಲಿ ತೊಳೆಯಲು ನಿಮಗೆ ಸಮಯ ಸಿಗುತ್ತದೆ. ಮೇಣ ಕೆಲವು ವಾರ, ತಿಂಗಳುಗಳಲ್ಲಿ ಸವೆಯುತ್ತದೆ. ನೀರು ಚಿಮುಕಿಸಿ ನೋಡಿ. ಹನಿಗಳು ದುಂಡಗೆ ನಿಂತರೆ ಮೇಣ ಉಳಿದಿದೆ, ಹರಡಿಕೊಂಡರೆ ಸವೆದಿದೆ. ಈಗ 'ಸೆರಾಮಿಕ್' ಎಂಬ ಹೆಸರಿನ ಸಿಲಿಕಾ ಆಧಾರಿತ ಲೇಪಗಳೂ ಪಾಲಿಯುರಥೇನಿನ ಪಾರದರ್ಶಕ ಹಾಳೆಗಳೂ ಬಂದಿವೆ. ಅವು ಹೆಚ್ಚು ಕಾಲ ಬಾಳುತ್ತವೆ, ಬೆಲೆಯೂ ಹೆಚ್ಚು. ಯಾವುದನ್ನು ಹಾಕಿಸಿದರೂ ಹಿಕ್ಕೆಯನ್ನು ದಿನಗಟ್ಟಲೆ ಬಿಡಬಹುದು ಎಂದರ್ಥವಲ್ಲ.

ಹೊದಿಕೆ ಹಾಕುವುದು ಇನ್ನೊಂದು ಉಪಾಯ. ಧೂಳು ತುಂಬಿದ ಕಾರಿನ ಮೇಲೆ ಹೊದಿಕೆ ಹಾಕಿದರೆ ಗಾಳಿಗೆ ಅದು ಅಲುಗಿ ಗೀರು ಬೀಳುತ್ತದೆ. ಮೊದಲು ಧೂಳು ತೊಳೆಯಿರಿ. ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಹಿಡಿದಿಡುತ್ತದೆ.

ಕಾರಿನ ಪಕ್ಕದ ಕನ್ನಡಿಯ ಕೆಳಗೆ, ಬಾಗಿಲಿನ ಮೇಲೆ ಮಾತ್ರ ದಿನವೂ ಹಿಕ್ಕೆ ಕಾಣುತ್ತಿದೆಯೆ? ಪಿಕಳಾರ, ಸೂರಕ್ಕಿಯಂಥ ಹಕ್ಕಿಗಳು ತಮ್ಮ ಪ್ರತಿಬಿಂಬವನ್ನೇ ಎದುರಾಳಿಯೆಂದು ಬಗೆದು ಕನ್ನಡಿಯೊಡನೆ ಕಾದಾಡುವುದುಂಟು. ಕನ್ನಡಿಗೆ ಹಳೆಯ ಬಟ್ಟೆಯ ಚೀಲ ತೊಡಿಸಿದರೆ ಸಾಕು, ಜಗಳ ಮುಗಿಯುತ್ತದೆ.

ಎಲ್ಲಕ್ಕಿಂತ ಅಗ್ಗದ ಉಪಾಯ ನೆಲ ನೋಡಿ ನಿಲ್ಲಿಸುವುದು. ನೆಲದ ಮೇಲೆ ಬಿಳಿ ಕಲೆಗಳು ಗುಂಪಾಗಿದ್ದರೆ ಮೇಲೆ ಹಕ್ಕಿಗಳು ಕೂರುವ ಕೊಂಬೆ ಇದೆ ಎಂದರ್ಥ. ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿದರೆ ಬಹುಪಾಲು ತೊಂದರೆ ತಪ್ಪುತ್ತದೆ. ಆಲ, ಅತ್ತಿ, ಅರಳಿ, ಬಸರಿ ಮರಗಳಲ್ಲಿ ಹಣ್ಣಿನ ಕಾಲಕ್ಕೆ ಹಗಲು ಹಕ್ಕಿಗಳು, ರಾತ್ರಿ ಬಾವಲಿಗಳು ನೆರೆಯುತ್ತವೆ. ಆ ಕೆಲವು ವಾರ ಕಾರಿಗೆ ಬೇರೆ ಜಾಗ ಹುಡುಕಿ. ಗೊರವಂಕ, ಕಾಗೆ, ಬೆಳ್ಳಕ್ಕಿಗಳು ಸಂಜೆ ಒಂದೇ ಮರಕ್ಕೆ ಬಂದು ತಂಗುತ್ತವೆ. ಅಂಥ ಮರದ ಕೆಳಗೆ ಹಗಲು ನಿಲ್ಲಿಸಿದರೂ ರಾತ್ರಿ ಬಿಡಬೇಡಿ.

ಕೊಂಬೆಯ ಪ್ರಶ್ನೆ

ಈಗ ಮೊದಲ ಪ್ರಶ್ನೆಗೆ ಬರೋಣ. ಕೊಂಬೆ ಕಡಿಸಬೇಕೆ? ಕಾನೂನಿನ ಮಾತು ಮೊದಲು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ವಿಜ್ಞಾನದ ಮಾತು ಅದಕ್ಕಿಂತ ಸರಳ. ಕೊಂಬೆ ಹೋದರೆ ಹಕ್ಕಿ ಮುಂದಿನ ಕೊಂಬೆಗೆ ಹೋಗುತ್ತದೆ. ನೆರಳು ಹೋಗುತ್ತದೆ. ಬಿಸಿಲು ಬಾನೆಟ್ಟಿಗೆ ನೇರವಾಗಿ ಬೀಳುತ್ತದೆ. ಬಣ್ಣ ಕೆಡಿಸುವ ಮೂವರಲ್ಲಿ ಇಬ್ಬರಿಗೆ ನೆರವಾಗುವುದು ಬಿಸಿಲೇ ಎಂದು ಆಗಲೇ ನೋಡಿದೆವು. ಮೆರುಗು ಲೇಪವನ್ನು ವರ್ಷಾನುಗಟ್ಟಲೆ ಸವೆಸುವುದೂ ಅದೇ ಬಿಸಿಲಿನ ನೇರಳಾತೀತ ಕಿರಣ.

ಹಿಕ್ಕೆಯನ್ನು ಪೀಡೆ ಎಂದು ಕಾಣದ ಊರೂ ನಮ್ಮಲ್ಲಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಅಲ್ಲಿನ ರೈತರು ಕೆರೆಗೋಡಿನೊಡನೆ ಬೆರೆಸಿ ಗೊಬ್ಬರವಾಗಿ ಬಳಸಿದ್ದಾರೆ. ಇದರ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. ಯೂರಿಕ್ ಆಮ್ಲದ ಅಣುತೂಕ 168. ಅದರಲ್ಲಿ ಸಾರಜನಕದ ನಾಲ್ಕು ಪರಮಾಣುಗಳಿವೆ, ಅಂದರೆ 56. ತೂಕದ ಮೂರನೇ ಒಂದು ಪಾಲು ಸಾರಜನಕ! 19ನೇ ಶತಮಾನದಲ್ಲಿ ಪೆರು ದೇಶದ ದ್ವೀಪಗಳಿಂದ ಹಡಗುಗಟ್ಟಲೆ ಹಿಕ್ಕೆ ಯೂರೋಪಿನ ಹೊಲಗಳಿಗೆ ಹೋದದ್ದು ಇದೇ ಕಾರಣಕ್ಕೆ. ಅದನ್ನು 'ಗ್ವಾನೊ' ಎನ್ನುತ್ತಿದ್ದರು. 1844ರಲ್ಲಿ ಅದರಿಂದಲೇ ಬೇರ್ಪಡಿಸಿದ ವಸ್ತುವೊಂದಕ್ಕೆ ಗ್ವಾನಿನ್ ಎಂಬ ಹೆಸರು ಬಂತು. ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳಲ್ಲಿ ಅದೂ ಒಂದು ಎಂದು ಪಾಠದಲ್ಲಿ ಓದಿದ್ದೀರಿ.

ಬಾನೆಟ್ಟಿನ ಮೇಲಿನ ಆ ಕಪ್ಪು ಭಾಗವನ್ನು ತೊಳೆಯುವಾಗ ಒಮ್ಮೆ ಗಮನಿಸಿ. ಸಾಸಿವೆಗಿಂತ ಸಣ್ಣ ಬೀಜಗಳು ಸಿಕ್ಕರೆ ಅವು ಅತ್ತಿಯವೋ ಆಲದವೋ ಆಗಿರಬಹುದು. ನೀವು ಕಾರು ನಿಲ್ಲಿಸುವ ಮರವೂ ಹೀಗೇ ಎಂದೋ ಬಿದ್ದ ಬೀಜದಿಂದ ಹುಟ್ಟಿದ್ದಿರಬಹುದು. ಕಾರನ್ನು ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ, ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಕೊಂಬೆಯೂ ಇರಲಿ, ಗೂಡೂ ಇರಲಿ.